ಶುಕ್ರವಾರ ಕದಲಿದ ಕಾರು

ಡ್ರೈವರ್ ಅಲಿ ಕುಂಞಿಗೆ ಯಾರ ಮೇಲೂ ಪೂರ್ತಿ ನಂಬಿಕೆ ಇರಲಿಲ್ಲ. ಹೋಟೆಲಿನಲ್ಲಿ ಚಾ ಬಂದರೆ ಕುಡಿಯುವ ಮೊದಲು ಮೂಸುತ್ತಿದ್ದ. ಕಾರಿಗೆ ಪೆಟ್ರೋಲ್ ಹಾಕಿಸುವಾಗ ಬಂಕಿನವನ ಕೈಯನ್ನೂ ಪಂಪಿನ ಮುಳ್ಳನ್ನೂ ಒಟ್ಟಿಗೆ ನೋಡುತ್ತಿದ್ದ. ಯಾರಾದರೂ ನಗುತ್ತಾ ಮಾತಾಡಿಸಿದರೆ, ಇವನಿಗೆ ನನ್ನಿಂದ ಏನೋ ಆಗಬೇಕಾಗಿದೆ ಎಂದೇ ಲೆಕ್ಕ. ಅವನ ಹೆಂಡತಿ ಪಾತು ಇದನ್ನೆಲ್ಲ ನೋಡಿ ನೋಡಿ ಸಾಕಾಗಿ, ಈ ಮನುಷ್ಯ ನನ್ನನ್ನು ಮದುವೆಯಾಗುವಾಗ ಯಾರ ಹತ್ತಿರ ವಿಚಾರಿಸಿದ್ದನೋ ಎಂದು ನೆರೆಯವರ ಮುಂದೆ ಹೇಳುತ್ತಿದ್ದಳು.

ಹುಟ್ಟಿನಿಂದ ಅವನು ಹೀಗಿರಲಿಲ್ಲ. ಪೆಟ್ರೋಲ್ ಸಿಗದ ಯುದ್ಧದ ಕಾಲದಲ್ಲಿ ಕಡಬದಿಂದ ಉಪ್ಪಿನಂಗಡಿಗೆ ಇದ್ದಲಿನ ಗ್ಯಾಸಿನ ಬಸ್ಸು ಓಡಿಸುತ್ತಿದ್ದಾಗ ಎಲ್ಲರನ್ನೂ ನಂಬಿಕೊಂಡೇ ಇದ್ದ. ಒಂದು ದಿನ ಬಸ್ಸಿನ ಮಾಲಕನ ಅಳಿಯ ಯಾವುದೋ ಮದುವೆಯ ದಿಬ್ಬಣಕ್ಕೆಂದು ಬಸ್ಸನ್ನು ತಾನೇ ಓಡಿಸಿಕೊಂಡು ಹೋದ. ಏರಿನಲ್ಲಿ ಕ್ಲಚ್ಚು ಸುಟ್ಟು, ಹೇಗೋ ತಂದು ನಿಲ್ಲಿಸಿ, ಬಾಯಿ ಮುಚ್ಚಿಕೊಂಡು ಮನೆಗೆ ಹೋದ. ಮರುದಿನ ಬೆಳಿಗ್ಗೆ ಬಸ್ಸು ಕದಲದೆ ನಿಂತಾಗ ತಪ್ಪು ಅಲಿ ಕುಂಞಿಯ ತಲೆಗೆ ಬಂತು. ಟಿಕೆಟು ತೆಗೆದುಕೊಂಡ ಜನರ ಎದುರೇ ಅವನನ್ನು ಬಸ್ಸಿನಿಂದ ಇಳಿಸಿ ಕಳಿಸಿದರು. ಅಂದಿನಿಂದ ಅವನು ಒಂದು ಮಾತನ್ನು ಗಟ್ಟಿ ಮಾಡಿಕೊಂಡ: ಯಂತ್ರ ಹಾಳು ಮಾಡುವವರು ಬೇರೆ, ಅದರ ಹೆಸರು ಹೊರುವುದು ಮಾತ್ರ ಡ್ರೈವರು.

ಪುತ್ತೂರಿನ ವಕೀಲ ತಿರುಮಲೇಶ್ವರರ ಮನೆಗೆ ಅವನು ಕೆಲಸಕ್ಕೆ ಸೇರಿದ್ದು ಊರು ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ. ಕೊಡಗಿನ ಕಾಫಿ ತೋಟದ ಬಿಳಿಯ ದೊರೆಯೊಬ್ಬ ತನ್ನ ದೇಶಕ್ಕೆ ಮರಳುವಾಗ ಬಿಟ್ಟುಹೋದ ಅಮೇರಿಕದ ದೊಡ್ಡ ಕಾರನ್ನು ವಕೀಲರು ಕೊಂಡಿದ್ದರು. ಅದರಲ್ಲಿ ಕ್ಲಚ್ಚೇ ಇರಲಿಲ್ಲ. ಗೇರು ತನ್ನಷ್ಟಕ್ಕೆ ಬದಲಾಗುತ್ತಿತ್ತು. ಕಾರು ತರಲು ಹೋದ ದಿನ ತೋಟದ ಹಳೆಯ ಡ್ರೈವರ್ ಕುಂಞಿ ಮೋನು ಸಂಪಾಜೆ ಘಾಟಿ ಇಳಿಯುವವರೆಗೂ ಪಕ್ಕದಲ್ಲಿ ಕೂತು ಪಾಠ ಹೇಳಿದ್ದ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಓಡಿಸಬಾರದು. ಚಕ್ರ ಪೂರ್ತಿ ನಿಲ್ಲದೆ ರಿವರ್ಸಿಗೆ ಹಾಕಬಾರದು. ಏರಿನಲ್ಲಿ ಎಕ್ಸಿಲೇಟರ್ ಒತ್ತಿ ಕಾರನ್ನು ಹಿಡಿದು ನಿಲ್ಲಿಸಬಾರದು, ಅದಕ್ಕೆ ಬ್ರೇಕ್ ಉಂಟು. ಗೇರ್ ಬಾಕ್ಸಿನ ಎಣ್ಣೆಯನ್ನು ಆಗಾಗ ಕಡ್ಡಿ ಅದ್ದಿ ನೋಡಬೇಕು.

"ಎಣ್ಣೆ ಕೆಂಪಗೆ ಉಂಟಾ, ನೀನು ಸುಖವಾಗಿ ನಿದ್ದೆ ಮಾಡು. ಕಪ್ಪಾಗಿ ಸುಟ್ಟ ವಾಸನೆ ಬಂತಾ, ಯಾರೋ ಅದನ್ನು ಬೇಯಿಸಿದ್ದಾರೆ ಅಂತ ತಿಳ್ಕೋ. ಆಮೇಲೆ ಬಾಕ್ಸು ಹೆಚ್ಚು ದಿನ ಬರುದಿಲ್ಲ" ಎಂದಿದ್ದ ಮುದುಕ.

ಮೊದಮೊದಲು ಅಲಿ ಕುಂಞಿಗೆ ಕಾರಿನ ಮೇಲೆಯೇ ಸಂಶಯ. ಕೇಳದೆ ಗೇರು ಬದಲಿಸುವ ಯಂತ್ರ ಕೇಳದೆ ಇನ್ನೇನು ಮಾಡುವುದಿಲ್ಲ ಎಂದು ಯಾರು ಹೇಳಬೇಕು? ಕೆಲಸವಿಲ್ಲದ ಎಡಗಾಲನ್ನು ಎಲ್ಲಿ ಇಡುವುದೆಂದು ತಿಳಿಯದೆ ಕೆಲವು ದಿನ ಒದ್ದಾಡಿದ. ಬರಬರುತ್ತಾ ಕಾರು ಮೆತ್ತಗೆ ಮಾತು ಕೇಳತೊಡಗಿತು. ಆಗ ಅವನ ಸಂಶಯ ಕಾರನ್ನು ಬಿಟ್ಟು ಅದರ ಸುತ್ತ ಸುಳಿಯುವ ಜನರ ಕಡೆಗೆ ತಿರುಗಿತು. ಬೆಳಿಗ್ಗೆ ಬಂದವನೇ ಕಾರಿನ ಅಡಿಗೆ ಹಾಸಿದ ಹಳೆಯ ಪೇಪರನ್ನು ಎಳೆದು, ಅದರಲ್ಲಿ ಬಿದ್ದ ಕಲೆಗಳನ್ನು ನೋಡುತ್ತಿದ್ದ. ಕೆಂಪು ಹನಿ ಇದ್ದರೆ ಗೇರ್ ಬಾಕ್ಸಿನದು, ಕಪ್ಪು ಇದ್ದರೆ ಎಂಜಿನಿನದು. ಹನಿ ಇಲ್ಲದಿದ್ದರೂ ಅವನ ಮುಖ ಸಡಿಲವಾಗುತ್ತಿರಲಿಲ್ಲ.

ಎರಡು ಮಳೆಗಾಲ ಹೀಗೆ ಕಳೆದವು. ದೀಪಾವಳಿ ಮುಗಿದ ಹೊಸತರಲ್ಲಿ ಒಂದು ದಿನ ಕಡ್ಡಿ ಎಳೆದು ನೋಡಿದರೆ ಎಣ್ಣೆಯ ಕೆಂಪು ಮಾಸಿತ್ತು. ಬೆರಳಿಗೆ ಹಚ್ಚಿ ಮೂಸಿದ. ಸೀದ ವಾಸನೆ. ತಾನು ಕಾರನ್ನು ಬೇಯಿಸಿಲ್ಲ, ಅದು ನಿಶ್ಚಯ. ಹಾಗಾದರೆ ಬೇಯಿಸಿದ್ದು ಯಾರು?

ಅಂದಿನಿಂದ ಅವನು ಕಾವಲು ಹಾಕಿದ. ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿದ ಮೇಲೆ ಚಕ್ರದ ಬುಡಕ್ಕೆ ಸಿಮೆಂಟಿನ ನೆಲದಲ್ಲಿ ಸೀಮೆಸುಣ್ಣದ ಗೀಟು ಎಳೆಯತೊಡಗಿದ. ಸೋಮವಾರ ಗೀಟು ಗೀಟಿನ ಹಾಗೆಯೇ ಇತ್ತು. ಮಂಗಳವಾರವೂ ಹಾಗೆಯೇ. ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು ನೋಡಿದರೆ ಚಕ್ರ ಗೀಟಿನಿಂದ ಒಂದು ಗೇಣು ಹಿಂದೆ ನಿಂತಿತ್ತು. ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು. ಒಳಗಿನ ಕನ್ನಡಿ ಕೆಳಗೆ ಬಾಗಿತ್ತು, ಕೂತವನು ಕುಳ್ಳನಿರಬೇಕು.

ವಕೀಲರಿಗೆ ಹೇಳಿದ. ಅವರು ಕೋರ್ಟಿನಲ್ಲಿ ಕೇಳುವ ಹಾಗೆಯೇ, ಸಾಕ್ಷಿ ಉಂಟಾ ಎಂದು ಕೇಳಿದರು. ಬಾನೆಟ್ಟು ಬೆಚ್ಚಗಿತ್ತು ಎಂದರೆ, ಬಿಸಿಲಿಗೆ ಇರಬಹುದು ಎಂದರು. ಶೆಡ್ಡಿನ ಒಳಗೆ ಬಿಸಿಲು ಎಲ್ಲಿಂದ ಬರಬೇಕು ಎಂದು ಅಲಿ ಕುಂಞಿ ಕೇಳಿದಾಗ ವಕೀಲರು ಕನ್ನಡಕದ ಮೇಲಿನಿಂದ ಅವನನ್ನು ನೋಡಿ ಮತ್ತೆ ಕಾಗದಪತ್ರಕ್ಕೆ ಬಾಗಿದರು. ಆ ನೋಟವೇ ಅವನಿಗೆ ಸಾಕಾಯಿತು. ಬಾಕ್ಸು ಹಾಳಾದರೆ ಇವರು ಕೂಡ ನನ್ನನ್ನೇ ಇಳಿಸುತ್ತಾರೆ ಎಂದು ಮನಸ್ಸಿಗೆ ಬಂತು.

ಕುಳ್ಳ ಯಾರು? ಪೆಟ್ರೋಲ್ ಬಂಕಿನ ರವೂಫ್. ಅವನೂ ಅಲಿ ಕುಂಞಿಯೂ ಒಂದೇ ಪ್ರಾಯದವರು, ಒಂದೇ ಹೋಟೆಲಿನಲ್ಲಿ ಚಾ ಕುಡಿಯುವವರು. ಕಾರು ಬಂಕಿಗೆ ಹೋದಾಗಲೆಲ್ಲ ರವೂಫ್ ಅದರ ಬಾಗಿಲನ್ನು ಸವರಿ, ಒಮ್ಮೆ ಕೊಡು ಮಾರಾಯ, ಬೊಳುವಾರಿನವರೆಗೆ ಹೋಗಿ ಬರುತ್ತೇನೆ ಎಂದು ಕೇಳಿದ್ದುಂಟು. ಅಲಿ ಕುಂಞಿ ಕೊಟ್ಟಿರಲಿಲ್ಲ. ಬಂಕಿನ ಗೋಡೆಯಲ್ಲಿ ಹಳೆಯ ಬೀಗದ ಕೈಗಳ ಒಂದು ಗೊಂಚಲು ನೇತಾಡುತ್ತಿದ್ದುದೂ ಈಗ ನೆನಪಾಯಿತು. ಅದಕ್ಕಿಂತ ದೊಡ್ಡ ವಿಷಯ, ಈಚೆಗೆ ಶುಕ್ರವಾರದ ಜುಮಾದಲ್ಲಿ ರವೂಫ್ ಕಾಣಿಸುತ್ತಿರಲಿಲ್ಲ. ಎಲ್ಲ ತಾಳೆಯಾಗುತ್ತಿತ್ತು.

ಅಲಿ ಕುಂಞಿ ರವೂಫನನ್ನು ಕೇಳಲಿಲ್ಲ. ಕೇಳಿದರೆ ಇಲ್ಲ ಎನ್ನುತ್ತಾನೆ, ಆಮೇಲೆ ಜಾಗ್ರತೆಯಾಗುತ್ತಾನೆ. ಸೀದಾ ಬಂಕಿನ ಸಾಹುಕಾರರ ಹತ್ತಿರ ಹೋಗಿ, ನಿಮ್ಮ ರವೂಫನ ಮೇಲೆ ಒಂದು ಕಣ್ಣು ಇರಲಿ, ಮಧ್ಯಾಹ್ನ ಎಲ್ಲಿಗೆ ಹೋಗುತ್ತಾನೆ ವಿಚಾರಿಸಿ ಎಂದು ಹೇಳಿದ. ಸಾಹುಕಾರರು ವಿಚಾರಿಸುವ ಗೋಜಿಗೆ ಹೋಗಲಿಲ್ಲ. ರವೂಫನನ್ನು ಪಂಪಿನಿಂದ ತೆಗೆದು ಹಿಂದಿನ ಅಂಗಳದಲ್ಲಿ ಡ್ರಮ್ಮು ಉರುಳಿಸುವ ಕೆಲಸಕ್ಕೆ ಹಾಕಿದರು. ಹೋಟೆಲಿನಲ್ಲಿ ರವೂಫ್ ಒಬ್ಬನೇ ಮೂಲೆಯ ಬೆಂಚಿನಲ್ಲಿ ಕೂರತೊಡಗಿದ. ಕಳ್ಳನಿಗೆ ನಾಚಿಕೆ ಬಂದಿದೆ ಎಂದು ಅಲಿ ಕುಂಞಿ ತಿಳಿದುಕೊಂಡ.

ಮುಂದಿನ ಶುಕ್ರವಾರ ಮಸೀದಿಯಲ್ಲಿ ರವೂಫ್ ಅವನ ಎದುರಿನ ಸಾಲಿನಲ್ಲೇ ಇದ್ದ. ಖುತುಬಾ ಪ್ರವಚನದಿಂದ ನಮಾಜಿನ ಕೊನೆಯ ಸಲಾಮಿನವರೆಗೂ ಕಣ್ಣ ಮುಂದೆಯೇ ಇದ್ದ. ಅಲಿ ಕುಂಞಿ ನೆಮ್ಮದಿಯಿಂದ ವಕೀಲರ ಮನೆಗೆ ಬಂದ. ಚಕ್ರ ಗೀಟು ದಾಟಿ ನಿಂತಿತ್ತು. ಬಾನೆಟ್ಟು ಬೆಚ್ಚಗಿತ್ತು.

ಅವನು ಶೆಡ್ಡಿನ ಮೆಟ್ಟಿಲಿನಲ್ಲಿ ಕೂತುಬಿಟ್ಟ. ಬಸ್ಸಿನಿಂದ ಇಳಿಸಿದ ದಿನ ತನ್ನ ಕಿವಿ ಹೇಗೆ ಬಿಸಿಯಾಗಿತ್ತೋ ಇವತ್ತೂ ಹಾಗೆಯೇ ಆಯಿತು. ಆದರೆ ಸಂಶಯ ಬಿಡಲಿಲ್ಲ. ಗುಮಾಸ್ತನೋ, ಹಾಲಿನವನೋ, ತನ್ನನ್ನು ಕೆಲಸದಿಂದ ಓಡಿಸಲು ವಕೀಲರೇ ಯಾರನ್ನಾದರೂ ಇಟ್ಟಿದ್ದಾರೋ ಎಂದೆಲ್ಲ ಯೋಚಿಸಿದ. ಬೀಗದ ಕೈ ವಕೀಲರ ಕೋಣೆಯ ಮೊಳೆಯಲ್ಲಿ ಇರುತ್ತಿತ್ತು. ಅಲ್ಲಿಗೆ ಹೋಗುವ ಗಂಡಸರನ್ನೆಲ್ಲ ಒಬ್ಬೊಬ್ಬರನ್ನಾಗಿ ಮನಸ್ಸಿನಲ್ಲಿ ನಿಲ್ಲಿಸಿ ಕನ್ನಡಿಯ ಎತ್ತರಕ್ಕೆ ಹೋಲಿಸಿ ನೋಡಿದ. ಯಾರೂ ಹೊಂದಲಿಲ್ಲ.

ಅದರ ಮುಂದಿನ ವಾರ ಅವನು ಟೊಪ್ಪಿ ಹಾಕಿ, ಎಲ್ಲರಿಗೂ ಕಾಣುವ ಹಾಗೆ ಗೇಟು ದಾಟಿ ಹೋದ. ರಸ್ತೆಯ ತಿರುವಿನಿಂದ ಹಿಂದೆ ಬಂದು, ಶೆಡ್ಡಿನ ಹಿಂಬದಿಯ ಕಟ್ಟಿಗೆ ರಾಶಿಯ ಮರೆಯಲ್ಲಿ ನಿಂತ. ಜುಮಾ ತಪ್ಪಿಸಿದ್ದು ಅವನ ಪ್ರಾಯಕ್ಕೆ ಅದೇ ಮೊದಲು. ಸ್ವಲ್ಪ ಹೊತ್ತಿನಲ್ಲಿ ಮನೆಗೆಲಸದ ಅಮ್ಮು ಬಂದು ಗೇಟಿನ ಹತ್ತಿರ ನಿಂತು ಆಚೆ ಈಚೆ ನೋಡಿದಳು. ಶೆಡ್ಡಿನ ಬಾಗಿಲು ಕಿರ್ರೆಂದಿತು. ಕಾರು ಸ್ಟಾರ್ಟ್ ಆಯಿತು. ಎಂಜಿನು ರೋಷದಿಂದ ಕೂಗುತ್ತಿತ್ತು, ಆದರೆ ಕಾರು ನಿಂತಲ್ಲೇ ಗಡಗಡ ನಡುಗುತ್ತಿತ್ತು. ಒಂದು ಗೇಣು ಮುಂದೆ, ಒಂದು ಗೇಣು ಹಿಂದೆ. ಸೀದ ವಾಸನೆ ಮೂಗಿಗೆ ಬಡಿಯಿತು.

ಅಲಿ ಕುಂಞಿ ಹೊರಗೆ ಬಂದು ಕಾರಿನ ಬಾಗಿಲು ಹಿಡಿದ. ಸ್ಟೇರಿಂಗ್ ಹಿಂದೆ ವಕೀಲರ ಹೆಂಡತಿ ಮನೋರಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಿದ್ದರು. ಬಲಗಾಲು ಎಕ್ಸಿಲೇಟರಿನ ಮೇಲೆ, ಎಡಗಾಲು ಬ್ರೇಕಿನ ಮೇಲೆ. ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದಿದ್ದರು. ಕಾರು ಹಾರಿಬಿಡುತ್ತದೋ ಎಂಬ ಹೆದರಿಕೆ ಅವರಿಗೆ.

"ಅಮ್ಮ, ಎರಡೂ ಕಾಲು ತೆಗೀರಿ" ಎಂದ ಅಲಿ ಕುಂಞಿ. "ಕಾರು ಸಾಯ್ತಾ ಉಂಟು."

ಅವರು ಎಂಜಿನು ನಿಲ್ಲಿಸಿದರು. ಇಳಿಯಲಿಲ್ಲ. ಎದುರಿನ ಗೋಡೆ ನೋಡುತ್ತಾ ಹೇಳಿದರು. ಹಿಂದಿನ ಬೇಸಿಗೆಯಲ್ಲಿ ಕೊಲ್ಲಮೊಗ್ರಿನ ತವರಿನಿಂದ, ಅಮ್ಮನಿಗೆ ಕಾಯಿಲೆ ಜೋರುಂಟು ಎಂದು ಹೇಳಲು ಜನ ಬಂದಿತ್ತು. ವಕೀಲರು ಮಂಗಳೂರಿನ ಕೋರ್ಟಿಗೆ ಬಸ್ಸಿನಲ್ಲಿ ಹೋಗಿದ್ದರು. ಅಲಿ ಕುಂಞಿ ರಜೆ ಕೇಳಿ ಕಡಬಕ್ಕೆ ಹೋಗಿದ್ದ. ಬಸ್ಸು ಹಿಡಿದು, ಇಳಿದು, ಮತ್ತೆ ನಡೆದು ತಲಪುವಾಗ ಎಲ್ಲ ಮುಗಿದಿತ್ತು.

"ಕಾರು ಇಲ್ಲೇ ಇತ್ತು, ಅಲಿ ಕುಂಞಿ. ಹೊಟ್ಟೆ ತುಂಬ ಪೆಟ್ರೋಲ್ ಇತ್ತು. ಓಡಿಸುವವರು ಇರ್ಲಿಲ್ಲ. ಇದಕ್ಕೆ ಕ್ಲಚ್ಚು ಇಲ್ಲ, ಹೆಂಗಸರೂ ಬಿಡಬಹುದು ಅಂತ ಇವರೇ ಒಮ್ಮೆ ಯಾರ ಹತ್ರವೋ ತಮಾಷೆಗೆ ಹೇಳಿದ್ದು ಕೇಳಿದ್ದೆ."

ಅಲಿ ಕುಂಞಿಗೆ ತಾನು ರಜೆ ಹಾಕಿದ ಆ ದಿನ ನೆನಪಾಯಿತು. ಕರುಣೆ ಉಕ್ಕಿ ಬಂತು. ಅದರ ಬೆನ್ನಿಗೇ ಹೆದರಿಕೆಯೂ ಬಂತು. ಇವರಿಗೆ ನಾನು ಗುಟ್ಟಿನಲ್ಲಿ ಕಲಿಸಿದರೆ ಊರು ಏನೆನ್ನುತ್ತದೆ? ಕಲಿಸದೆ ಬಾಯಿ ಮುಚ್ಚಿದರೆ ಬಾಕ್ಸು ಹೋದ ದಿನ ನನ್ನ ಗತಿ ಏನು? ಈಗ ಮೆತ್ತಗೆ ಮಾತಾಡುವ ಇವರು ಆಗ ತಾನು ಮುಟ್ಟಲೇ ಇಲ್ಲ ಎಂದರೆ? ಹಾಗಾಗಿ, ಧನಿಗಳಿಗೆ ನೀವೇ ಹೇಳಬೇಕು, ಅದು ಕೂಡ ಇವತ್ತೇ ಎಂದು ಹಟ ಹಿಡಿದ. ಮನೋರಮಮ್ಮ ಅವನನ್ನು ದಿಟ್ಟಿಸಿ, ನನ್ನ ಮೇಲೂ ನಂಬಿಕೆ ಇಲ್ಲವಾ ಎಂದು ಕೇಳಿದರು. ಅವನು ಕಾರಿನ ಬೀಗದ ಕೈಗೆ ಕೈ ಚಾಚಿದ.

ಅವರು ಸಂಜೆಯೇ ಹೇಳಿದರು. ವಕೀಲರು ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲವೆಂದು ಅಮ್ಮು ಹೇಳಿದಳು. ಮರುದಿನ ಅಲಿ ಕುಂಞಿಯನ್ನು ಕರೆದರು. ಅವನು ಕೆಲಸ ಹೋಯಿತೆಂದೇ ತಿಳಿದು ಒಳಗೆ ಹೋದ.

"ಬಾಕ್ಸು ಹಾಳಾಗದ ಹಾಗೆ ಕಲಿಸ್ಲಿಕ್ಕೆ ಆಗ್ತದಾ?" ವಕೀಲರು ಕೇಳಿದ್ದು ಅಷ್ಟೇ.

"ಒಂದೇ ಕಾಲು ಆದ್ರೆ ಆಗ್ತದೆ ಧನಿ. ನೀವು ಹಿಂದಿನ ಸೀಟಲ್ಲಿ ಕೂರ್ಬೇಕು."

ಮಂಗಳೂರಿನಿಂದ ಹೊಸ ಎಣ್ಣೆಯ ಡಬ್ಬಿ ತರಿಸಿ, ಸುಟ್ಟ ಎಣ್ಣೆಯನ್ನು ಪೂರ್ತಿ ಇಳಿಸಿ ತುಂಬಿಸಿದರು. ಆದಿತ್ಯವಾರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಪಾಠ ಶುರುವಾಯಿತು. ಹೆದರಿಕೆಯಾದಾಗಲೆಲ್ಲ ಮನೋರಮಮ್ಮನ ಎಡಗಾಲು ತಾನಾಗಿಯೇ ಬ್ರೇಕಿಗೆ ಹೋಗುತ್ತಿತ್ತು. ಕೊನೆಗೆ ಎಡಗಾಲನ್ನು ಊಟಕ್ಕೆ ಕೂತ ಹಾಗೆ ಸೀಟಿನ ಮೇಲೆ ಮಡಚಿಕೊಂಡು ಕೂರಲು ಅಲಿ ಕುಂಞಿ ಹೇಳಿದ. ಆ ಭಂಗಿಯಲ್ಲೇ ಅವರು ಕಾರು ಕಲಿತರು. ಮೈದಾನದ ಬದಿಯಲ್ಲಿ ನಿಂತು ನಗುವವರನ್ನು ವಕೀಲರು ಹಿಂದಿನ ಸೀಟಿನಿಂದ ಕನ್ನಡಕದ ಮೇಲಿನಿಂದಲೇ ನೋಡುತ್ತಿದ್ದರು. ಕ್ರಮೇಣ ನಗುವವರು ಕಡಿಮೆಯಾದರು.

ಉಳಿದದ್ದು ರವೂಫನ ವಿಷಯ. ಪಾಠ ಶುರುವಾಗುವ ಮೊದಲೇ ಅಲಿ ಕುಂಞಿ ಬಂಕಿಗೆ ಹೋಗಿ, ತಪ್ಪು ತನ್ನದೆಂದು ಸಾಹುಕಾರರಿಗೆ ಹೇಳಿ ಅವನನ್ನು ಪಂಪಿಗೆ ವಾಪಸು ಹಾಕಿಸಿದ್ದ. ಆಮೇಲೆ ಹಿಂದಿನ ಅಂಗಳಕ್ಕೆ ಹೋದ. ರವೂಫ್ ಡ್ರಮ್ಮಿನ ಮೇಲೆ ಕೂತು ಕೈ ಒರೆಸಿಕೊಳ್ಳುತ್ತಿದ್ದ. ಜುಮಾಕ್ಕೆ ಬಾರದ ವಾರಗಳಲ್ಲಿ ಅವನು ನರಿಮೊಗರಿನಲ್ಲಿ ಹಾಸಿಗೆ ಹಿಡಿದ ಅಕ್ಕ ನೆಬೀಸಳನ್ನು ನೋಡಲು ಹೋಗಿ ಅಲ್ಲಿಯೇ ನಮಾಜು ಮಾಡುತ್ತಿದ್ದನಂತೆ.

"ನೀನು ಸಂಶಯ ಪಟ್ಟದ್ದು ದೊಡ್ಡದಲ್ಲ" ಎಂದ ರವೂಫ್. "ನಿನ್ನ ಬುದ್ಧಿ ನನಗೆ ಗೊತ್ತುಂಟು. ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತು."

ಆಮೇಲೆ ಕೂಡ ರವೂಫ್ ಕಾರಿಗೆ ಪೆಟ್ರೋಲ್ ಹಾಕುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಆದರೆ ಬಾಗಿಲು ಸವರುವುದನ್ನು ಬಿಟ್ಟ. ಚಾಕ್ಕೆ ಒಂದೇ ಬೆಂಚಿನಲ್ಲಿ ಇಬ್ಬರೂ ಮತ್ತೆಂದೂ ಕೂರಲಿಲ್ಲ. ಪಂಪಿನ ಮುಳ್ಳು ನೋಡುವುದನ್ನು ಅಲಿ ಕುಂಞಿ ಆ ಬಂಕಿನಲ್ಲಿ ಮಾತ್ರ ನಿಲ್ಲಿಸಿದ. ಬೇರೆ ಕಡೆ ನಿಲ್ಲಿಸಲಿಲ್ಲ.

ಮನೋರಮಮ್ಮನಿಗೆ ಲೈಸನ್ಸು ಬಂತು. ವರ್ಷಗಟ್ಟಲೆ ಅವರು ಉಪ್ಪಿನಂಗಡಿಗೆ, ಸುಬ್ರಹ್ಮಣ್ಯಕ್ಕೆ ತಾವೇ ಓಡಿಸಿಕೊಂಡು ಹೋಗಿ ಬಂದರು. ಪಕ್ಕದಲ್ಲಿ ಅಲಿ ಕುಂಞಿ ಇರುತ್ತಿದ್ದ. ಗೇರ್ ಬಾಕ್ಸು ಮತ್ತೆ ಕೆಮ್ಮಲಿಲ್ಲ. ಆದರೆ ಕಾರಿನ ಬೇರೆ ಸಾಮಾನು ಸಿಗುವುದು ಕಷ್ಟವಾಗಿ, ಅರವತ್ತೇಳರಲ್ಲಿ ವಕೀಲರು ಕಾರನ್ನು ಸುಳ್ಯದ ಒಬ್ಬ ಮರದ ವ್ಯಾಪಾರಿಗೆ ಕೊಟ್ಟರು. ಒಪ್ಪಿಸಲು ಅಮ್ಮನೇ ಓಡಿಸಿಕೊಂಡು ಹೋದರು. ದಾರಿಯುದ್ದಕ್ಕೂ ಅಲಿ ಕುಂಞಿ ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುತ್ತಿದ್ದ.

ಅಲ್ಲಿಂದ ಇಬ್ಬರೂ ಬಸ್ಸಿನಲ್ಲಿ ಮರಳಿದರು. ಇಷ್ಟು ವರ್ಷ ಆದ ಮೇಲಾದರೂ ನನ್ನ ಡ್ರೈವಿಂಗಿನ ಮೇಲೆ ನಂಬಿಕೆ ಬಂತಾ ಎಂದು ಮುಂದಿನ ಸೀಟಿನಿಂದ ತಿರುಗಿ ಮನೋರಮಮ್ಮ ಕೇಳಿದರು.

"ಮುಂದೆ ಹೋಗುವಾಗ ಉಂಟು ಅಮ್ಮ" ಎಂದ ಅಲಿ ಕುಂಞಿ. "ರಿವರ್ಸ್ ತೆಗೆಯುವಾಗ ಇಲ್ಲ."