ಮೇಸ್ತ್ರಿಯ ಪ್ಯಾನ್ ಕಾರ್ಡು, ಬಾಡಿಗೆಯವರ ಬಕೆಟ್ಟು

ಗೆಳೆಯರೇ, ಇವತ್ತು ಬೆಳಿಗ್ಗೆ ಒಬ್ಬ ಮರ್ಯಾದಸ್ಥನನ್ನು ಅವಮಾನಿಸಿದೆ. ಪ್ಯಾನ್ ಕಾರ್ಡ್ ಇದೆಯೇ ಎಂದು ಕೇಳಿಬಿಟ್ಟೆ.

ಹಾರೋಹಳ್ಳಿಯಲ್ಲಿ ಕಾರ್ಖಾನೆಯವರಿಗೆ ಬಾಡಿಗೆಗೆ ಕೊಟ್ಟಿರುವ ನನ್ನ ಕೋಣೆಗಳಿಗೆಲ್ಲ ಸೇರಿ ಇರುವುದು ಒಂದೇ ಶೌಚಾಲಯ. ಹಳೆಯದನ್ನು ಮೊನ್ನೆ ಒಡೆಸಿ, ಹೊಸದರ ಗುತ್ತಿಗೆಯನ್ನು ಮೇಸ್ತ್ರಿ ಶಿವಣ್ಣನಿಗೆ ಕೊಟ್ಟಿದ್ದೆ. ಗೋಡೆ ಸೊಂಟದೆತ್ತರಕ್ಕೆ ಬಂದಾಗ ಆಡಿಟರಿಗೆ ಗುತ್ತಿಗೆದಾರನ ಪ್ಯಾನ್ ನಂಬರು ಬೇಕಾಯಿತು. ಅದಿಲ್ಲದೆ ತೆರಿಗೆಯ ಕಾಗದ ತಯಾರಾಗುವುದಿಲ್ಲವಂತೆ.

ಶಿವಣ್ಣ ಕರಣೆ ಕೆಳಗಿಟ್ಟ. "ಅಲ್ಲ ಸಾ, ನಂದು ಬಿಪಿಎಲ್ ಕಾರ್ಡು. ಪ್ಯಾನ್ ಮಾಡ್ಸುದ್ರೆ ಅಕ್ಕಿ ಕಿತ್ಕೊಂಬುಡ್ತಾರೆ. ನಿಮ್ಗೆ ಕಕ್ಕಸ್ಸು ಬೇಕೋ, ಕಾಗ್ದ ಬೇಕೋ?"

ಫೋನಿನಲ್ಲಿ ಆಡಿಟರನ್ನು ಕೇಳಿದೆ. "ಕಾಗದ" ಎಂದರು.

ಬಡತನದ ರೇಖೆಗಿಂತ ಕೆಳಗಿರುವ ಶಿವಣ್ಣ ಸಾಮಾನನ್ನೆಲ್ಲ ತನ್ನ ಹೊಸ ಬೈಕಿಗೆ ಕಟ್ಟತೊಡಗಿದ. ಅಷ್ಟರಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ನನ್ನ ಬಾಡಿಗೆದಾರ ಮಾದೇಶ ಅಡ್ಡ ನಿಂತ.

"ಏನ್ಲಾ ಶಿವ, ಅರ್ಧಕ್ಕೇ ಬುಟ್ಟು ಹೊಂಟೆ? ಇವತ್ತು ಮುಗಿಸ್ತೀನಿ ಅಂದಿದ್ದೆ. ನಾವೆಲ್ಲಿಗ್ಲಾ ಹೋಗನ?"

"ಆಡಿಟರ್ ಮನೇಗೆ ಹೋಗ್ರಲಾ. ಇಲ್ಲೇ ಹಿಂದ್ಗಡೆ ಬೀದೀಲೈತೆ."

ಅದು ಬೈಗುಳ ಎಂದೇ ನಾನು ತಿಳಿದಿದ್ದೆ. ಮಾದೇಶ ಅದನ್ನು ವಿಳಾಸ ಎಂದುಕೊಂಡ. ಪಾಳಿ ಮುಗಿಸಿ ಬಂದವರನ್ನೆಲ್ಲ ಕರೆದುಕೊಂಡು, ಬಕೆಟ್ ಹಿಡಿದು ಹೊರಟೇಬಿಟ್ಟ.

ಸ್ವಲ್ಪ ಹೊತ್ತಿಗೆ ಆಡಿಟರ್ ಫೋನು. "ಸಾರ್, ಮೊದಲು ಆ ಮೇಸ್ತ್ರೀನ ವಾಪಸ್ ಕರೆಸಿ. ಕಾಗದಕ್ಕೆ ಏನೋ ಒಂದು ದಾರಿ ಮಾಡೋಣ."

ತೆರಿಗೆ ಕಾಯ್ದೆಯಲ್ಲಿ ದಾರಿಗಳು ಇರುವುದು ನಿಜ. ಯಾರಾದರೂ ಆಡಿಟರನ ಮನೆಯ ಗೇಟು ತಟ್ಟಬೇಕು, ಅಷ್ಟೆ.