ಏರಿನಲ್ಲಿ ಜಗ್ಗದ ಸ್ಕೂಟರು

ಇದನ್ನು ಬರೆಯಲು ಕೂತಾಗಲೆಲ್ಲ ಬೇರೆ ಏನೋ ಕೆಲಸ ನೆನಪು ಮಾಡಿಕೊಂಡು ಎದ್ದುಬಿಡುತ್ತಿದ್ದೆ. ಇವತ್ತು ಏಳುವುದಿಲ್ಲ.

ಸವಣೂರಿನಲ್ಲಿ ಚಹಾದ ಜೊತೆ ಕುರುಕಲು ಖಾರ ಕಟ್ಟಿಸಿಕೊಂಡು ನಾನೂ ನನ್ನ ಹೆಂಡತಿಯೂ ಸ್ಕೂಟರಿನಲ್ಲಿ ಹಾನಗಲ್ಲಿಗೆ ಹೊರಟಿದ್ದೆವು. ಶಿಗ್ಗಾಂವಿ ದಾಟಿದ ಮೇಲೆ ಒಂದು ಏರಿನಲ್ಲಿ ಗಾಡಿ ಬರೀ ಗುರುಗುಟ್ಟಿತು, ಮುಂದಕ್ಕೆ ಜಗ್ಗಲಿಲ್ಲ.

"ಸಪ್ಪಳ ಬ್ಯಾರೆ ಬರಾಕತ್ತೈತ್ರಿ, ಒಮ್ಮೆ ಮೇಸ್ತ್ರಿಗೆ ತೋರಸ್ರಿ," ಎಂದಳು.

ಪಕ್ಕದ ಚಹಾದಂಗಡಿಯಲ್ಲಿ ಕುಳಿತವರಿಗೆ ಕೇಳಿಸುವಂತೆ ನಾನು, "ಗಾಡೀದೇನ್ ತಪ್ಪ? ಹಿಂದ ಜ್ವಾಳದ ಚೀಲ ಕುಂತೈತಿ," ಎಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಕೆಳಗಿಳಿದು, ಖಾರದ ಪೊಟ್ಟಣ ಹಿಡಿದುಕೊಂಡು ಏರು ಮುಗಿಯುವ ತನಕ ನಡೆದಳು.

ಮರುದಿನ ಮೇಸ್ತ್ರಿ ಗಾಡಿ ಬಿಚ್ಚಿದ. ಎಂಜಿನ್ನಿನಿಂದ ಹಿಂದಿನ ಗಾಲಿಗೆ ಎಳೆತ ಕೊಡುವ ಬೆಲ್ಟಿನ ಒಳಮೈ ಬಿರುಕು ಬಿಟ್ಟಿತ್ತು, ಅಂಚು ಸವೆದಿತ್ತು.

"ಬರೇ ಸಪ್ಪಳ ಮಾಡಿ ಗಾಡಿ ಜಗ್ಗಲಿಲ್ಲಂದ್ರ ಬೆಲ್ಟ್ ಬದಲ್ ಮಾಡ್ಬೇಕ್ರಿ ಕಾಕಾ. ಹರಿಯೋ ತನಕಾ ಕಾಯ್ತಾರೇನ್ರಿ?" ಎಂದ.

"ತಪ್ಪಾತಪ್ಪ," ಎಂದೆ.

ಹೊಸ ಬೆಲ್ಟ್ ಹಾಕಿದ ಮೇಲೆ ಗಾಡಿ ಎಲ್ಲ ಏರನ್ನೂ ಹತ್ತಿತು. ಅವಳು ಮಾತ್ರ ಮತ್ತೆ ಹಿಂದೆ ಕೂರಲಿಲ್ಲ. "ನೀವ್ ನಡೀರಿ, ನಾ ಬಸ್ಸಿಗೆ ಬರ್ತೇನಿ," ಎನ್ನುತ್ತಿದ್ದಳು, ಸಿಟ್ಟಿಲ್ಲದೆ. ಸವೆದದ್ದು ಬೆಲ್ಟು ಎಂದು ನಾನು ಅವಳಿಗೆ ಹೇಳಲೇ ಇಲ್ಲ. ಹೋದ ವರ್ಷ ಅವಳು ತೀರಿಕೊಂಡಳು.

ಈಗಲೂ ಆ ಏರು ಬಂದರೆ ಗಾಡಿ ನಿಧಾನ ಮಾಡುತ್ತೇನೆ. ಮೊದಲೆಲ್ಲ ಅಲ್ಲಿಯೇ ಅವಳು ನನ್ನ ಹೆಗಲ ಮೇಲೆ ಕೈಯಿಟ್ಟು ಬಿಗಿಯಾಗಿ ಹಿಡಿಯುತ್ತಿದ್ದಳು. ಆ ಕೈ ಇನ್ನೊಮ್ಮೆ ಬೀಳಲಿ ಎಂದು ಹೆಗಲು ಕಾಯುತ್ತದೆ. ಮೇಸ್ತ್ರಿಗೆ ಅಷ್ಟು ಸಲೀಸಾಗಿ ಅಂದ ಮಾತನ್ನು ನಾನು ನನ್ನ ಹೆಂಡತಿಗೆ ಅನ್ನಲಿಲ್ಲ.