ಫರಸಿಯ ನಡುವೆ ಬಟನ್ ಗುಲಾಬಿ

ಬಸವಕಲ್ಯಾಣದಲ್ಲಿ ನಾನು ನೆಟ್ಟ ಗುಲಾಬಿಯ ಮೊದಲ ಹೂಗಳನ್ನು ಕಿತ್ತವಳು ನಾನಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ, ಮುಖಪರಿಚಯವೂ ಇಲ್ಲದ ಹೆಂಗಸೊಬ್ಬಳು ನನ್ನ ಅಂಗಳದಲ್ಲಿ ನಿಂತು ಸೆರಗಿಗೆ ಹೂ ತುಂಬಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಬೆಚ್ಚಲೂ ಇಲ್ಲ. ಒಂದು ಹೂವನ್ನು ಕೈಗಿಟ್ಟು, "ತಗೋರಿ, ನೀವೂ ಮುಡ್ಕೋರಿ" ಎಂದು ಹೊರಟೇಹೋದಳು. ನನ್ನ ಹೂವನ್ನು ನನಗೇ ದಾನ ಮಾಡಿ!

ಮೈಸೂರಿನ ನಮ್ಮ ಬೀದಿಯಲ್ಲಾಗಿದ್ದರೆ ಇದು ವಾರದ ಜಗಳ. ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಎರಡೂ ಕಡೆ ನಿಂತು ಗೆದ್ದವಳು ನಾನು. ಆದರೆ ಎದುರಾಳಿ ನಿಲ್ಲಬೇಕಲ್ಲ?

ಹುಮನಾಬಾದಿನ ಕಾಲೇಜಿನಲ್ಲಿ ಪಾಠ, ಬಸವಕಲ್ಯಾಣದಲ್ಲಿ ಬಾಡಿಗೆ ಮನೆ, ನಡುವೆ ದಿನವೂ ಬಸ್ಸು. ಅನ್ನ-ಸಾರಿನ ಹೊಟ್ಟೆಗೆ ಜೋಳದ ರೊಟ್ಟಿ ಬೇಗ ಒಗ್ಗಿತು. ಮಾತು ತಡವಾಗಿ ಒಗ್ಗಿತು. ಇಲ್ಲಿ ಬೈಯುವಾಗಲೂ 'ರೀ' ಬಿಡುವುದಿಲ್ಲ. ಮಾತಿಗೆ ಯಾರೂ ಇಲ್ಲದ ಭಾನುವಾರಗಳು ಮಾತ್ರ ಒಗ್ಗಲಿಲ್ಲ. ಅದಕ್ಕೇ ಗಿಡ.

ಒಂದು ಸಂಜೆ ರಾಜೇಶ್ವರದಲ್ಲಿ ಬಸ್ಸಿಳಿದು ರಸ್ತೆಬದಿಯ ನರ್ಸರಿಯಿಂದ ಎರಡು ಬಟನ್ ಗುಲಾಬಿ ತಂದಿದ್ದೆ. ಮೊಣಕಾಲೆತ್ತರದ ಪೊದೆ, ಗೊಂಚಲು ತುಂಬ ಪುಟ್ಟ ಹೂ, ಬಿಸಿಲಿಗೆ ಜಗ್ಗದ ಜಾತಿ. ಒಂದು ನನಗೆ, ಇನ್ನೊಂದು ಪಕ್ಕದ ಮನೆಯ ಮೆಹರೂನ್ ಖಾಲಾಗೆ. ಖಾಲಾ ಎಂದರೆ ಚಿಕ್ಕಮ್ಮ; ನಾನು ಬಂದಿಳಿದ ದಿನ ಊಟ ಕಳಿಸಿದವರು.

ಮನೆಯೊಡೆಯ ಶರಣಪ್ಪ ಕಾಕಾ ಮೂಗು ಮುರಿದರು. ಅಂಗಳಕ್ಕೆ ಫರಸಿ, ಅಂದರೆ ಹಾಸುಗಲ್ಲು, ಹಾಕಿಸಿ ಸ್ಕೂಟರ್ ನಿಲ್ಲಿಸುವ ಯೋಚನೆ ಅವರದು.

"ಬ್ಯಾಸಿಗಿ ತನಕ ನೋಡ್ತೀನ್ರಿ ಟೀಚರ್. ಹೂ ಇದ್ರ ಗಿಡ ಇರ್ತದ. ಇಲ್ಲಂದ್ರ ಫರಸಿ."

ಹಾಗಾಗಿ ಆ ಮೊದಲ ಲೂಟಿಯ ಮರುದಿನವೇ ತಂತಿ ಸುತ್ತಿ, 'ಹೂ ಕೀಳಬಾರದು' ಎಂಬ ಫಲಕ ತೂಗುಹಾಕಿದೆ. ಖಾಲಾ ಓದಿ ನಕ್ಕರು.

"ಹೂವಿಗಿ ಜೈಲ್ ಹಾಕೀರೇನ್ರಿ?"

"ಕಿತ್ತರೆ ಗಿಡ ಸೊರಗುತ್ತೆ ಖಾಲಾ."

"ಹಂಗಂತ ಯಾರ್ ಹೇಳ್ಯಾರ?"

ಪುರಾವೆ ಕೇಳುವುದು ನನ್ನ ಕಸುಬು. ನನ್ನನ್ನೇ ಕೇಳಿದರೆ?

ಖಾಲಾರ ಗಿಡಕ್ಕೆ ಬೇಲಿಯಿರಲಿಲ್ಲ. ಗುರುವಾರ ದರ್ಗಾಕ್ಕೆ, ಸೋಮವಾರ ಗುಡಿಗೆ, ಉಳಿದ ದಿನ ಜಡೆಗೆ ಎಂದು ಇಡೀ ಓಣಿ ಹೂ ಕಿತ್ತುಕೊಂಡು ಹೋಗುತ್ತಿತ್ತು. ಆದರೂ ದಿನ ಬೆಳಗಾದರೆ ಹೂ. ನನ್ನದರಲ್ಲಿ ಹೂ ಅಲ್ಲೇ ಬಾಡಿ ಕಾಯಾಯಿತು, ಕಡ್ಡಿಗಳು ಸುಮ್ಮನೆ ಉದ್ದ ಬೆಳೆದವು. ಮಣ್ಣು ಬೇರೆ ಎಂದು ವಾದಿಸಿದೆ. ಗೋಡೆಯ ಎರಡೂ ಕಡೆ ಅದೇ ಕೆಂಪು ಮಣ್ಣು. ಬಿಸಿಲು ಬೇರೆ ಎಂದೆ, ಅದೂ ನಿಲ್ಲಲಿಲ್ಲ. ಉಳಿದ ವ್ಯತ್ಯಾಸ ಒಂದೇ, ಕೀಳುವ ಕೈಗಳು. ಕಾಯಿ ಕಟ್ಟಿದ ಗುಲಾಬಿಗೆ ಹೊಸ ಮೊಗ್ಗಿನ ಅವಸರವೇ ಇರುವುದಿಲ್ಲ.

ಬೇಲಿ ಬಿಚ್ಚಿದೆ. ಕಾಯಿ ತೆಗೆದು, ಕಡ್ಡಿಗಳನ್ನು ಅರ್ಧಕ್ಕೆ ಕತ್ತರಿಸಿ, ಬುಡಕ್ಕೆ ಒಣ ಎಲೆ ಮುಚ್ಚಿದೆ. ಖಾಲಾ ಗೋಡೆಯಾಚೆಯಿಂದ, "ಬೇಲ್ ಸಿಕ್ತೇನ್ರಿ ಅದಕ್ಕ?" ಅಂದರು. ಗಿಡ ಗುಂಡಗೆ ಚಿಗುರಿತು. ಓಣಿಯ ಕೈಗಳೂ ಮರಳಿದವು.

ಸುಡು ಬೇಸಿಗೆಯ ಒಂದು ಬೆಳಿಗ್ಗೆ ಕಾಕಾ ಟೆಂಪೊದಲ್ಲಿ ಕಲ್ಲು ಹೇರಿಕೊಂಡೇ ಬಂದರು. ಅಂದು ಸೋಮವಾರ. ಗಿಡದಲ್ಲಿ ಒಂದೇ ಒಂದು ಹೂವಿಲ್ಲ.

"ಎಲ್ಲವ್ರಿ ಹೂ?"

ನಾನು ವಾದ ಹೂಡಲು ಬಾಯಿ ತೆರೆಯುವಷ್ಟರಲ್ಲಿ ಆ ಮೊದಲ ದಿನದ ಹೆಂಗಸು ಗೇಟಿನಲ್ಲಿ ಬೆನ್ನು ತಿರುಗಿಸಿ ಜಡೆ ತೋರಿಸಿದಳು. "ಇಲ್ಲಿ ಅವ ನೋಡ್ರಿ ಕಾಕಾ. ಉಳಿದಾವು ನಿಮ್ ಮನಿ ದೇವ್ರ ಮ್ಯಾಲ ಅವ. ಕಾಕೂನೇ ಒಯ್ದಾರ!"

ಕಾಕೂ, ಅಂದರೆ ತಮ್ಮ ಹೆಂಡತಿಯೇ, ಒಯ್ದದ್ದೆಂದು ತಿಳಿದ ಕಾಕಾ ಕಲ್ಲು ಇಳಿಸಿದರು. ಅಂಗಳಕ್ಕೆ ಫರಸಿ ಬಂತು, ಗಿಡದ ಸುತ್ತ ಒಂದು ಚೌಕ ಬಿಟ್ಟು.

ರಜೆಗೆ ಮೈಸೂರಿಗೆ ಹೋಗಿದ್ದೆ. ಎದುರುಮನೆಯ ಕಾಂಪೌಂಡಿನಿಂದ ಬೀದಿಗೆ ಬಾಗಿದ್ದ ಗುಲಾಬಿಗಳನ್ನು ಕಂಡದ್ದೇ ಕೈ ತಾನಾಗಿ ಹೋಯಿತು. ಆ ಮನೆಯಾಕೆ ಹೊರಬಂದರು. ಒಂದನ್ನು ಅವರ ಕೈಗಿಟ್ಟು, "ತಗೋರಿ, ನೀವೂ ಮುಡ್ಕೋರಿ" ಅಂದೆ. ಅವರು ನೋಡಿದ ನೋಟ ನನಗೆ ಚೆನ್ನಾಗಿ ಗೊತ್ತು. ಹಿಂದೊಮ್ಮೆ ನಾನೇ ಹಾಗೆ ನೋಡಿದ್ದೆ, ಬಸವಕಲ್ಯಾಣದ ಆ ಬಾಗಿಲಲ್ಲಿ ನಿಂತು.